ರವೆ ಬಿದ್ದ ಚಿತ್ರ

ನಮ್ಮ ಊರಿನಲ್ಲಿ ಯಾರು ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಎಲ್ಲಿದ್ದರು ಎಂಬುದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಹೇಳಿದರೂ ನಂಬುವವರಿಲ್ಲ. ಆ ಹೊತ್ತಿಗೆ ಆಕಾಶದಲ್ಲಿ ಅಜ್ಜಿ ಬರುತ್ತಾಳೆ. ಅಜ್ಜಿ ಎಂದರೆ ಒಂದು ಹಳೆಯ ಉಪಗ್ರಹ. ಯಾವ ದೇಶದವರು ಹಾರಿಸಿದ್ದೋ, ಹಾರಿಸಿದವರೇ ಅದರ ಕೈಬಿಟ್ಟು ಎಷ್ಟು ವರ್ಷವಾಯಿತೋ ಯಾರಿಗೂ ಗೊತ್ತಿಲ್ಲ. ಉಳಿದ ಉಪಗ್ರಹಗಳು ದಿನಕ್ಕೊಂದು ಹೊತ್ತಿಗೆ ಬರುತ್ತವಂತೆ, ಮೋಡದ ಚಿತ್ರ ಕಳಿಸುತ್ತವಂತೆ. ನಮ್ಮ ಅಜ್ಜಿ ದಿನಾ ಅದೇ ನಿಮಿಷಕ್ಕೆ ಉತ್ತರದ ಕೆರೆಯ ಕಡೆಯಿಂದ ಬಂದು, ಹನ್ನೆರಡು ನಿಮಿಷ ನಮ್ಮ ತಲೆಯ ಮೇಲೆ ನಡೆದು, ದಕ್ಷಿಣದ ಇಟ್ಟಿಗೆ ಗೂಡುಗಳಾಚೆ ಮುಳುಗುತ್ತಾಳೆ. ಅವಳು ಕಳಿಸುವ ಚಿತ್ರದಲ್ಲಿ ಮೋಡ ಇರುವುದಿಲ್ಲ. ನಮ್ಮ ಊರು ಇರುತ್ತದೆ. ಉಸಿರಾಡುವ ಒಬ್ಬೊಬ್ಬ ಮನುಷ್ಯನಿಗೂ ಅದರಲ್ಲಿ ಒಂದೊಂದು ಬಿಳಿ ಚುಕ್ಕಿ ಇರುತ್ತದೆ, ಅವನು ಮಾಳಿಗೆಯ ಕೆಳಗೆ ಕಂಬಳಿ ಹೊದ್ದು ಮಲಗಿದ್ದರೂ ಸರಿ.

ಆ ಚಿತ್ರ ಹಿಡಿಯುವವಳು ನಾನು, ಚೆನ್ನಾಜಮ್ಮ. ಪುರಸಭೆಯ ತಾರಸಿಯ ಮೇಲೆ ನನ್ನ ಕೋಣೆ. ಹೊರಗೆ ಅಲ್ಯೂಮಿನಿಯಂ ಪೈಪುಗಳನ್ನು ಅಡ್ಡಡ್ಡ ಕಟ್ಟಿದ ಆಂಟೆನಾ, ಅದನ್ನು ಅಜ್ಜಿ ಹೋದ ಕಡೆಗೆಲ್ಲ ತಿರುಗಿಸಲು ಒಂದು ಬಿದಿರು ಕೋಲು, ಒಳಗೆ ರೇಡಿಯೋ, ಕಂಪ್ಯೂಟರು. ಇದನ್ನೆಲ್ಲ ಮಾಡಿದವರು ಅಶ್ವತ್ಥಯ್ಯ ಮೇಷ್ಟ್ರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಅವರಿಗೆ ಹವ್ಯಾಸಿ ರೇಡಿಯೋದ ಹುಚ್ಚು. ಅವರಿಂದ ಕಲಿತು, ಅವರು ಹೋದ ಮೇಲೆ ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ರೇಡಿಯೋದಲ್ಲಿ ಅಜ್ಜಿ ಟಿಕ್ಕು ಟಿಕ್ಕು ಎಂದು ಸಣ್ಣಗೆ ಕೂಗುತ್ತಾಳೆ, ಒಂದೊಂದು ಟಿಕ್ಕಿಗೆ ಚಿತ್ರದ ಒಂದೊಂದು ಗೆರೆ ಮೇಲಿನಿಂದ ಕೆಳಕ್ಕೆ ಮೂಡುತ್ತದೆ. ಮೊದಲು ಕೆರೆ, ಆಮೇಲೆ ಪೇಟೆ, ಏಳನೆಯ ನಿಮಿಷಕ್ಕೆ ಗಿರಣಿ ಬೀದಿ, ಕೊನೆಗೆ ಇಟ್ಟಿಗೆ ಗೂಡು. ಗಿರಣಿ ಬೀದಿಯಲ್ಲಿದ್ದವಳು ನನ್ನ ತಂಗಿ ಹೊಂಬಾಳೆ. ಅವಳನ್ನು ಕೊಂದವಳು ನಾನು. ಊರಿಗೆ ಹೇಳೋಣವೆಂದರೆ ಹೇಳಗೊಡಲಿಲ್ಲ, ಹೇಳಲೇಬೇಕಾಗಿದ್ದ ಒಬ್ಬಳ ಮುಂದೆ ನನಗೇ ಬಾಯಿ ಬರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಚಿತ್ರ ಮುಗಿದ ಅರ್ಧ ಗಂಟೆಯೊಳಗೆ ಪುರಸಭೆಯ ಮುಂದಿನ ಹಲಗೆಗೆ ಅಂಟಿಸಬೇಕು. ಊರು ನಡೆಯುವುದು ಆ ಹಲಗೆಯ ಮೇಲೆ. ಶಾಲೆಯಲ್ಲಿ ಹಾಜರಿ ಕೂಗುವುದಿಲ್ಲ, ಮೇಷ್ಟ್ರೊಬ್ಬರು ಬಂದು ಚುಕ್ಕಿ ಎಣಿಸಿಕೊಂಡು ಹೋಗುತ್ತಾರೆ. ಮಗ ಬ್ಯಾಂಕಿನಲ್ಲಿದ್ದನೋ ಇಸ್ಪೀಟು ಮನೆಯಲ್ಲಿದ್ದನೋ ಎಂದು ತಾಯಂದಿರು ಕನ್ನಡಕ ಒರೆಸಿಕೊಂಡು ನೋಡುತ್ತಾರೆ. ಹುಷಾರಿಲ್ಲದವರ ಮನೆಗೆ ಹೋಗಿ ಕೂತು ಹೇಗಿದ್ದೀರಿ ಎಂದು ಕೇಳುವ ಪದ್ಧತಿ ನಮ್ಮಲ್ಲಿ ನಿಂತೇ ಹೋಗಿದೆ. ಹಲಗೆಯಲ್ಲಿ ಚುಕ್ಕಿ ಇದ್ದರೆ ಇದ್ದಾರೆ, ಅಷ್ಟು ಸಾಕು. ಸತ್ತರೂ ಹಾಗೆಯೇ. ಚುಕ್ಕಿ ಕಾಣದ ದಿನವೇ ಸತ್ತ ದಿನ. ಮಧ್ಯಾಹ್ನ ಪ್ರಾಣ ಬಿಟ್ಟವರು ಮರುದಿನದ ಚಿತ್ರ ಬರುವವರೆಗೆ ಪುರಸಭೆಯ ಪ್ರಕಾರ ಬದುಕಿಯೇ ಇರುತ್ತಾರೆ; ಮನೆಯವರು ಹೆಣ ಇಟ್ಟುಕೊಂಡು ಕಾಯುತ್ತಾರೆ. ಆಮೇಲೆ ಅವರ ಚುಕ್ಕಿ ಇದ್ದ ಕೊನೆಯ ಚಿತ್ರದ ಪ್ರತಿ ತೆಗೆಸಿ, ಕಟ್ಟು ಹಾಕಿಸಿ, ಚುಕ್ಕಿಗೆ ಕುಂಕುಮವಿಟ್ಟು ಗೋಡೆಗೆ ತೂಗುಹಾಕುತ್ತಾರೆ. ಹೊರಗಿನವರಿಗೆ ಇದು ವಿಚಿತ್ರವಾಗಿ ಕಂಡೀತು. ಅಭ್ಯಾಸವಾದರೆ ಏನೂ ಅನ್ನಿಸುವುದಿಲ್ಲ.

ಒಂದೇ ತೊಂದರೆ, ರವೆ. ಅಜ್ಜಿಯ ದನಿ ಬಲು ಕ್ಷೀಣ. ಊರಿನಲ್ಲಿ ಎಲ್ಲಾದರೂ ಒಂದು ದೊಡ್ಡ ಮೋಟಾರು ತಿರುಗಿತೋ, ಅದರ ಕಿಡಿಯ ಕರಕರ ರೇಡಿಯೋಕ್ಕೆ ನುಗ್ಗಿ ಅವಳ ಮಾತನ್ನು ನುಂಗಿಬಿಡುತ್ತದೆ. ಆ ಹೊತ್ತಿನಲ್ಲಿ ಮೂಡಬೇಕಾಗಿದ್ದ ಬೀದಿಯ ಜಾಗದಲ್ಲಿ ಕಪ್ಪು ಬಿಳುಪು ಕಾಳು ಚೆಲ್ಲಿದ ಹಾಗೆ ಒಂದು ಪಟ್ಟೆ ಬೀಳುತ್ತದೆ. ಊರಿನವರು ಅದನ್ನು ರವೆ ಬಿತ್ತು ಎನ್ನುತ್ತಾರೆ. ಅದಕ್ಕೇ ಹನ್ನೊಂದರಿಂದ ಹನ್ನೊಂದೂವರೆಯವರೆಗೆ ಯಾರೂ ಮೋಟಾರು ಹಾಕಕೂಡದೆಂದು ಪುರಸಭೆಯ ಆಜ್ಞೆ. ಆದರೂ ಬೀಳುವುದು ಬಿದ್ದೇ ಬೀಳುತ್ತಿತ್ತು. ಮೇಷ್ಟ್ರ ಕಾಲದಲ್ಲಿ ರವೆ ಬಿದ್ದ ಬೀದಿಗೆ ತಳವಾರ ಸಿದ್ದಪ್ಪ ಹೋಗಿ ಮನೆ ಮನೆಯ ಮುಂದೆ ನಿಂತು ಹೆಸರು ಹಿಡಿದು ಕೂಗಬೇಕಾಗಿತ್ತು. ಒಳಗಿದ್ದವರು ಓ ಎನ್ನಬೇಕು. ಓ ಅನ್ನದಿದ್ದರೆ ಬಾಗಿಲು ತಳ್ಳಿ ನೋಡಬೇಕು. ಜನಕ್ಕೆ ಇದು ಆಗುತ್ತಿರಲಿಲ್ಲ. ಸ್ನಾನಕ್ಕೆ ಹೋದ ಹೆಂಗಸರಿಗೆ ಸಿದ್ದಪ್ಪನ ಕೂಗಿಗೆ ಓಗೊಡುವ ಮುಜುಗರ, ಮಲಗಿದವರಿಗೆ ಸಿಟ್ಟು. ಎಲ್ಲರೂ ಬಂದು ಜಗಳ ಕಾಯುತ್ತಿದ್ದದ್ದು ಚಿತ್ರ ಹಿಡಿಯುವವರ ಹತ್ತಿರ.

ನಾನು ಬಂದ ಎರಡನೆಯ ವರ್ಷ ಒಂದು ಉಪಾಯ ಕಂಡುಕೊಂಡೆ. ರವೆ ಬಿದ್ದ ಪಟ್ಟೆಯನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ತೆಗೆದು, ಅದೇ ಜಾಗಕ್ಕೆ ಹಿಂದಿನ ದಿನದ ಚಿತ್ರದಿಂದ ಅಷ್ಟೇ ಅಗಲದ ಪಟ್ಟೆ ತಂದು ಕೂರಿಸಿದೆ. ತೇಪೆ. ಅಂಚುಗಳನ್ನು ಸ್ವಲ್ಪ ತಿಳಿಮಾಡಿದರೆ ಗುರುತೇ ಸಿಗದು. ಜನ ದಿನಾ ಇರುವ ಜಾಗದಲ್ಲೇ ದಿನಾ ಇರುತ್ತಾರೆ, ನಿನ್ನೆಯ ಚುಕ್ಕಿಗೂ ಇವತ್ತಿನ ಚುಕ್ಕಿಗೂ ಏನು ಮಹಾ ವ್ಯತ್ಯಾಸ ಎಂದುಕೊಂಡೆ. ಯಾರಿಗೂ ಹೇಳಲಿಲ್ಲ. ಆರು ತಿಂಗಳಲ್ಲಿ ಊರಿನವರು ಚೆನ್ನಾಜಮ್ಮನ ಕಾಲದಲ್ಲಿ ರವೆಯೇ ಬೀಳುವುದಿಲ್ಲ, ಹೆಂಗಸಾದರೂ ಮೇಷ್ಟ್ರನ್ನು ಮೀರಿಸಿದಳು ಎನ್ನತೊಡಗಿದರು. ನನಗೆ ಶಾಲು ಹೊದಿಸಿದರು. ಸಿದ್ದಪ್ಪನ ಕೂಗು ನಿಂತಿತು, ಅವನು ಪುರಸಭೆಯ ಜಗುಲಿಯಲ್ಲಿ ಎಲೆಯಡಿಕೆ ಹಾಕಿಕೊಂಡು ಸುಖವಾಗಿದ್ದ. ಈ ಗುಟ್ಟು ಗೊತ್ತಿದ್ದದ್ದು ಹೊಂಬಾಳೆಗೆ ಮಾತ್ರ. ಆಗ ನಾವಿಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದ ಹಾಗಿದ್ದೆವು. ನಗುನಗುತ್ತಾ ನಾನೇ ಹೇಳಿದ್ದೆ.

ಹೊಂಬಾಳೆ ನನಗಿಂತ ಐದು ವರ್ಷಕ್ಕೆ ಚಿಕ್ಕವಳು. ಮಗಳು ಸುಕನ್ಯಳಿಗೆ ಆರು ವರ್ಷವಿದ್ದಾಗ ಗಂಡ ಜ್ವರ ಬಂದು ಹೋದ. ಅವನ ಹಿಟ್ಟಿನ ಗಿರಣಿಯನ್ನು ಅವಳೇ ನಡೆಸಿದಳು. ರಾಗಿ ಒಬ್ಬರದು, ಜೋಳ ಇನ್ನೊಬ್ಬರದು, ಮೆಣಸಿನಕಾಯಿ ಬೀಸಿದ ಮೇಲೆ ಕಲ್ಲು ತೊಳೆಯಲಿಲ್ಲವೆಂದು ಮತ್ತೊಬ್ಬರ ಗಲಾಟೆ. ಎಲ್ಲರನ್ನೂ ನಗಿಸಿಕೊಂಡೇ ನಿಭಾಯಿಸುತ್ತಿದ್ದಳು. ರೆಪ್ಪೆಯ ಮೇಲೆಲ್ಲ ಹಿಟ್ಟು ಕೂತು ನಲವತ್ತಕ್ಕೇ ಮುದುಕಿಯ ಹಾಗೆ ಕಾಣುತ್ತಿದ್ದಳು. ಗಿರಣಿಯ ಕಲ್ಲು ಸವೆದಾಗ ಕೆತ್ತಿಕೊಡಲು ಪಕ್ಕದ ಊರಿನಿಂದ ಗವಿಯಪ್ಪ ಎನ್ನುವವನು ಬರುತ್ತಿದ್ದ. ಅವನಿಗೂ ಹೆಂಡತಿ ಇರಲಿಲ್ಲ. ಒಂದು ದಿನ ತಂಗಿ ನನ್ನ ಕೋಣೆಗೆ ಬಂದಳು.

"ಅಕ್ಕಾ, ನಾಳೆ ಗವಿಯಪ್ಪ ಬರ್ತಾನೆ. ಕೆಲಸಕ್ಕಲ್ಲ, ಮಾತಾಡೋಕೆ. ಮದುವೆ ವಿಷಯ. ಬಾಗಿಲು ಹಾಕ್ಕೊಂಡು ಕೂತು ಮಾತಾಡ್ಬೇಕು, ಇಲ್ದಿದ್ರೆ ಹಿಟ್ಟಿಗೆ ಬಂದೋರೆಲ್ಲಾ ಕಿವಿ ಇಟ್ಕೊಂಡು ನಿಂತ್ಕೋತಾರೆ. ಅವನಿಗೆ ಬಸ್ಸಿರೋದು ಆ ಹೊತ್ತಿಗೇ. ನಾಳೆ ಒಂದಿನ ನನ್ನ ಬೀದಿ ಮೇಲೆ ಇವತ್ತಿನ ತೇಪೆ ಹಾಕ್ಬಿಡು."

"ರವೆ ಬೀಳ್ದೆ ತೇಪೆ ಹಾಕೋಕಾಗುತ್ತೇನೇ?" ಎಂದೆ.

"ಕಂಡೋರ ಮನೆ ಮೇಲೆಲ್ಲಾ ಹಾಕ್ತೀಯಲ್ಲ."

"ಅದು ಚಿತ್ರ ಸರಿಮಾಡೋದು. ಇದು ಮೋಸ."

ಆ ಮಾತು ಆಡುವಾಗ ನನಗೆ ನನ್ನ ಮೇಲೇ ಎಷ್ಟು ಮೆಚ್ಚುಗೆಯಾಯಿತೆಂದರೆ, ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಅವಳು ನನ್ನ ಮುಖವನ್ನೇ ನೋಡಿದಳು. "ನಿನ್ನ ಚಿತ್ರ ಚೆನ್ನಾಗಿರ್ಲಿ ಅಕ್ಕ," ಎಂದು ಎದ್ದು ಹೋದಳು.

ಮರುದಿನ ಗಿರಣಿಯಲ್ಲಿ ಎರಡು ಚುಕ್ಕಿ, ಒಂದಕ್ಕೊಂದು ತಾಗುವ ಹಾಗೆ. ನಾನು ಅಂಟಿಸಿದೆ. ಮೂರು ದಿನ ಊರಿಗೆ ಬೇರೆ ಮಾತಿರಲಿಲ್ಲ. ಕಲ್ಲು ಕೆತ್ತೋದಕ್ಕೆ ಅಷ್ಟು ಹತ್ತಿರ ಕೂತ್ಕೋಬೇಕಾ ಎಂದು ಹಲಗೆಯ ಮುಂದೆ ನಿಂತು ನಕ್ಕರು. ಆಗ ಸುಕನ್ಯಳಿಗೆ ಗಂಡು ಗೊತ್ತಾಗುವುದರಲ್ಲಿತ್ತು. ಬೀಗರು ಹಿಂದೆ ಸರಿಯುವ ಹಾಗೆ ಕಂಡರು. ಹೊಂಬಾಳೆ ಗವಿಯಪ್ಪನಿಗೆ ಇನ್ನು ಈ ಊರಿಗೆ ಬರಬೇಡ ಎಂದು ಹೇಳಿ ಕಳಿಸಿದಳು. ಮಗಳ ಮದುವೆ ನಡೆಯಿತು. ಮದುವೆಯಲ್ಲಿ ನನಗೆ ಅರಿಸಿನ ಕುಂಕುಮ ಕೊಟ್ಟಳು, ಮಾತಾಡಿಸಲಿಲ್ಲ. ಆಮೇಲೆ ಸಾಯುವವರೆಗೂ ಮಾತಾಡಿಸಲಿಲ್ಲ.

ಅದಾದ ತಿಂಗಳೊಪ್ಪತ್ತಿಗೆ ಏಳನೆಯ ನಿಮಿಷದಲ್ಲಿ ರವೆ ಬೀಳತೊಡಗಿತು. ವಾರಕ್ಕೆ ಒಂದು ಸಲ, ಎರಡು ಸಲ. ಸರಿಯಾಗಿ ಗಿರಣಿ ಬೀದಿ ಮೂಡುವ ಹೊತ್ತಿಗೆ ಶುರುವಾಗಿ ಎರಡು ನಿಮಿಷಕ್ಕೆ ನಿಲ್ಲುತ್ತಿತ್ತು. ಯಾರ ಮೋಟಾರೆಂದು ನನಗೆ ಕೇಳಬೇಕಾಗಿರಲಿಲ್ಲ. ಬಾಗಿಲು ಹಾಕಿ ಅಗುಳಿ ಜಡಿದು, ಗಡಿಯಾರ ನೋಡಿಕೊಂಡು, ತನ್ನ ಬೀದಿಯ ಮೇಲೆ ತಾನೇ ರವೆ ಚೆಲ್ಲುತ್ತಿದ್ದಳು, ನನ್ನ ಚಿತ್ರದಲ್ಲಿ ತಾನಿರಕೂಡದು ಎಂದು. ನಾನು ಬಿಡುತ್ತೇನೆಯೇ? ಹಿಂದಿನ ದಿನದ ತೇಪೆ ತಂದು ಅವಳನ್ನು ಅವಳ ಗಿರಣಿಯಲ್ಲೇ ಕೂರಿಸುತ್ತಿದ್ದೆ. ಅವಳು ಹಲಗೆಯ ಮುಂದೆ ಬಂದು ತನ್ನ ಚುಕ್ಕಿಯನ್ನು ನೋಡಿ, ಮೇಲೆ ನನ್ನ ಕಿಟಕಿಯ ಕಡೆ ಒಮ್ಮೆ ನೋಡಿ ಹೋಗುತ್ತಿದ್ದಳು. ಊರಿಗೆ ಗೊತ್ತಾಗದ ಹಾಗೆ ಅಕ್ಕತಂಗಿಯರು ಹೀಗೆ ಎರಡು ವರ್ಷ ಜಗಳವಾಡಿದೆವು. ನಿಜ ಹೇಳಬೇಕೆಂದರೆ, ರವೆ ಬೀಳದ ದಿನ ನನಗೆ ಏನೋ ಕಳೆದುಕೊಂಡ ಹಾಗಾಗುತ್ತಿತ್ತು. ಮಾತು ಬಿಟ್ಟ ಮೇಲೆ ನಮ್ಮಿಬ್ಬರ ನಡುವೆ ಉಳಿದದ್ದು ಅದೊಂದೇ.

ಎದುರು ಮನೆಯವನೊಬ್ಬ ಪುರಸಭೆಗೆ ದೂರು ಕೊಟ್ಟ, ಆಜ್ಞೆ ಮೀರಿ ಹೊಂಬಾಳಮ್ಮ ಆ ಹೊತ್ತಿನಲ್ಲಿ ಗಿರಣಿ ಓಡಿಸುತ್ತಾಳೆ ಎಂದು. ಅಧ್ಯಕ್ಷ ಮರಿಲಿಂಗಯ್ಯನವರು ಆ ದಿನದ ಚಿತ್ರ ತರಿಸಿ ನೋಡಿದರು. "ಎಲ್ಲಯ್ಯ ರವೆ? ಚಿತ್ರ ಕನ್ನಡಿ ಇದ್ದಂಗಿದೆ. ಗಿರಣಿ ಓಡಿಲ್ಲ, ನಿನ್ನ ಕಿವಿ ತೋರಿಸ್ಕೋ," ಎಂದು ಕಳಿಸಿಬಿಟ್ಟರು. ಅವನು ನಿಜವಾಗಿಯೂ ಡಾಕ್ಟರ ಹತ್ತಿರ ಹೋಗಿ ಕಿವಿಗೆ ಔಷಧಿ ಹಾಕಿಸಿಕೊಂಡ.

ಆ ಬುಧವಾರವೂ ಏಳನೆಯ ನಿಮಿಷಕ್ಕೆ ರವೆ ಶುರುವಾಯಿತು. "ಬಂದ್ಲಪ್ಪ ಮಹಾರಾಣಿ," ಎಂದುಕೊಂಡೆ. ಎರಡು ನಿಮಿಷ ಕಾದೆ. ನಿಲ್ಲಲಿಲ್ಲ. ಒಂಬತ್ತಾಯಿತು, ಹತ್ತಾಯಿತು, ರವೆ ಬೀಳುತ್ತಲೇ ಇತ್ತು. ಅಜ್ಜಿ ಇಟ್ಟಿಗೆ ಗೂಡುಗಳಾಚೆ ಮುಳುಗುವವರೆಗೂ ಬಿತ್ತು. ಚಿತ್ರದ ಕೆಳಗಿನ ಅರ್ಧ ಊರೇ ಇಲ್ಲ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಷ್ಟು ದಿನ ತನ್ನ ಬೀದಿಯಷ್ಟಕ್ಕೆ ಸುಮ್ಮನಿದ್ದವಳು ಈಗ ಅರ್ಧ ಊರನ್ನೇ ಅಳಿಸಿ ನನ್ನ ಮಾನ ಕಳೆಯಲು ನಿಂತಳಲ್ಲ, ಎಷ್ಟು ಕೊಬ್ಬು ಇವಳಿಗೆ ಎಂದುಕೊಂಡೆ. ಬೇರೆ ಏನಾದರೂ ಆಗಿರಬಹುದೆಂಬ ಯೋಚನೆ, ದೇವರಾಣೆಗೂ, ನನ್ನ ತಲೆಯ ಹತ್ತಿರವೂ ಸುಳಿಯಲಿಲ್ಲ. ಎರಡು ವರ್ಷ ಒಬ್ಬರ ಮೇಲೆ ಹಟ ಹಿಡಿದು ಕೂತರೆ ಅವರು ಏನು ಮಾಡಿದರೂ ನಮ್ಮ ಮೇಲಿನ ಹಟಕ್ಕೇ ಮಾಡಿದ ಹಾಗೆ ಕಾಣುತ್ತದೆ.

ಮಂಗಳವಾರದ ಚಿತ್ರ ತೆಗೆದು ಅರ್ಧ ಊರನ್ನು ತಂದು ಹಚ್ಚಿದೆ. ಅಷ್ಟು ದೊಡ್ಡ ತೇಪೆಯನ್ನು ನಾನು ಹಿಂದೆ ಹಾಕಿರಲಿಲ್ಲ. ಅಂಚು ತಿದ್ದುವುದಕ್ಕೇ ಕಾಲು ಗಂಟೆ ಹಿಡಿಯಿತು. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಹಲಗೆಗೆ ಅಂಟಿಸಿ, ಗಿರಣಿಯಲ್ಲಿ ಕೂತ ಅವಳ ಚುಕ್ಕಿಯ ಮೇಲೆ ಬೆರಳಿಟ್ಟು, "ಎಲ್ಲಿಗೆ ಹೋಗ್ತೀಯ ನೋಡ್ತೀನಿ," ಎಂದೆ. ಇಟ್ಟಿಗೆ ಗೂಡಿನ ಕಡೆ ಕ್ಷೌರದ ಅಂಗಡಿ ಇಟ್ಟುಕೊಂಡಿದ್ದ ಮುನಿಸಂಜೀವಯ್ಯ ಬಂದು ಬಹಳ ಹೊತ್ತು ಚಿತ್ರ ನೋಡಿದ. ಮಂಗಳವಾರ ಅವನ ಅಂಗಡಿಗೆ ರಜೆ, ಮನೆಯಲ್ಲಿದ್ದ. ಹಾಗಾಗಿ ಅವನ ಚುಕ್ಕಿ ಮನೆಯಲ್ಲೇ ಇತ್ತು. "ಚೆನ್ನಕ್ಕ, ಆವಾಗ ನಾನು ಅಂಗಡೀಲಿ ಒಬ್ಬರಿಗೆ ಗಡ್ಡ ಮಾಡ್ತಿದ್ದೆ ಅನ್ಕೊಂಡಿದ್ದೆ," ಎಂದ. ನಾನು ಚಿತ್ರದ ಮೂಲೆಯನ್ನು ಇನ್ನೊಮ್ಮೆ ಒತ್ತಿ ಅಂಟಿಸಿದೆ. "ಇಲ್ಲ ಬಿಡಿ, ಮನೇಲೇ ಇದ್ದೆ ಅಂತ ಕಾಣುತ್ತೆ," ಎಂದು ತಲೆ ಕೆರೆದುಕೊಂಡು ಹೋದ.

ಆ ಮಧ್ಯಾಹ್ನ ರಾಗಿ ಹೊತ್ತುಕೊಂಡು ಗಿರಣಿಗೆ ಹೋದ ಇಬ್ಬರು ಹೆಂಗಸರು ಬಾಗಿಲು ಬಡಿದರಂತೆ. ಒಳಗಿಂದ ಅಗುಳಿ. ಹಲಗೆಯಲ್ಲಿ ಅವಳ ಚುಕ್ಕಿ ನೋಡಿಕೊಂಡೇ ಬಂದಿದ್ದರು, ಚಿತ್ರ ಚೊಕ್ಕಟವಾಗಿತ್ತು. ಒಳಗೇ ಇದ್ದಾಳೆ, ಏನೋ ಬೇಜಾರು, ಸಾಯಂಕಾಲ ಬರೋಣ ಎಂದು ಚೀಲವನ್ನು ಜಗುಲಿಯ ಮೇಲಿಟ್ಟು ಹೊರಟುಹೋದರು.

ಗುರುವಾರ ಅಜ್ಜಿ ಬಂದಳು. ಏಳನೆಯ ನಿಮಿಷಕ್ಕೆ ನಾನು ಹಲ್ಲು ಕಚ್ಚಿ ಕಾದೆ. ರವೆ ಬೀಳಲಿಲ್ಲ. ಗಿರಣಿ ಬೀದಿ ಗೆರೆ ಗೆರೆಯಾಗಿ ಮೂಡಿತು, ಹದಿನಾಲ್ಕು ಚುಕ್ಕಿ ಇರಬೇಕಾದಲ್ಲಿ ಹದಿಮೂರು. ಗಿರಣಿ ಖಾಲಿ. ಬಿದಿರು ಕೋಲನ್ನು ಅಲ್ಲೇ ಬಿಟ್ಟು ಓಡಿದೆ. ಇಷ್ಟು ವರ್ಷದಲ್ಲಿ ನಾನು ಪೂರ್ತಿ ಹಿಡಿಯದೆ ಬಿಟ್ಟದ್ದು ಅದೊಂದೇ ಚಿತ್ರ.

ಸಿದ್ದಪ್ಪ ಬಾಗಿಲು ಮುರಿದ. ಅವಳ ಸೆರಗು ಮೋಟಾರಿನ ಬೆಲ್ಟಿಗೆ ಸಿಕ್ಕಿತ್ತು. ಕೈಯನ್ನೂ ಎಳೆದುಕೊಂಡಿತ್ತು. ಎಳೆದೆಳೆದು ಬೆಲ್ಟು ಕಡಿದುಹೋಗಿತ್ತು, ಫ್ಯೂಸು ಸುಟ್ಟಿತ್ತು. ಅವಳು ಮೋಟಾರಿನ ಹತ್ತಿರ ಇರಲಿಲ್ಲ. ನೆಲದ ಹಿಟ್ಟಿನ ಮೇಲೆ ತೆವಳಿದ ದಾರಿ ಬಾಗಿಲಿನವರೆಗೆ ಬಂದಿತ್ತು. ತಲೆ ಹೊಸಿಲಿನ ಮೇಲಿತ್ತು. ಅಗುಳಿಗೆ ಕೈ ಎಟುಕಿರಲಿಲ್ಲ, ಅಷ್ಟೇ. ಡಾಕ್ಟರು ನೋಡಿದರು, ಅವರು ಪರ ಊರಿನವರು. "ಇವರು ಹೋಗಿರೋದು ನಿನ್ನೆ ಸಾಯಂಕಾಲ. ಏಟು ಬಿದ್ದಿರೋದು ಅದಕ್ಕೂ ಐದಾರು ಗಂಟೆ ಮುಂಚೆ, ಹನ್ನೊಂದು ಹನ್ನೊಂದೂವರೆ ಹೊತ್ತಿಗೆ. ಮಧ್ಯಾಹ್ನ ಯಾರಾದರೂ ನೋಡಿದ್ದರೆ ಒಂದು ಕಟ್ಟು ಕಟ್ಟಿ ಉಳಿಸಬಹುದಾಗಿತ್ತು," ಎಂದರು.

"ಅದು ಹೆಂಗಾಗುತ್ತೆ ಡಾಕ್ಟ್ರೇ?" ಎಂದ ಸಿದ್ದಪ್ಪ. "ನಿನ್ನೆ ಆ ಹೊತ್ತಿಗೆ ಗಿರಣಿ ಓಡಿದ್ರೆ ಚಿತ್ರದಾಗೆ ರವೆ ಬೀಳ್ಬೇಕಿತ್ತು. ಒಂದು ಕಾಳು ಬಿದ್ದಿಲ್ಲ. ರವೆ ಬಿದ್ದಿದ್ರೆ ನಾನೇ ಬಂದು ಕೂಗ್ತಿರ್ಲಿಲ್ವಾ? ಓ ಅನ್ಲಿಲ್ಲ ಅಂದ್ರೆ ಬಾಗಿಲು ಮುರೀತಿರ್ಲಿಲ್ವಾ?"

ಸುತ್ತ ನಿಂತವರೆಲ್ಲ ತಲೆಯಾಡಿಸಿದರು. ಎದುರು ಮನೆಯ ಕಿವಿಯವನು ನಿನ್ನೆ ಸದ್ದು ಕೇಳಿದೆನೆಂದು ಹೇಳಲು ಬಾಯಿ ತೆರೆದು, ನನ್ನ ಮುಖ ನೋಡಿ ಮುಚ್ಚಿಕೊಂಡ. ಬುಧವಾರದ ಚಿತ್ರದಲ್ಲಿ ಚುಕ್ಕಿ ಇದೆ, ಗುರುವಾರದ್ದರಲ್ಲಿ ಇಲ್ಲ. ಹೊಂಬಾಳಮ್ಮ ಗುರುವಾರ ಮುಂಜಾನೆ ಗಿರಣಿ ಹಾಕಲು ಹೋಗಿ ಒಂದೇ ಏಟಿಗೆ ಹೋದಳು ಎಂದು ಪುರಸಭೆಯವರು ಬರೆದುಕೊಂಡರು. ಡಾಕ್ಟರಿಗೂ ಯಾಕೆ ಬೇಕು, ಸಹಿ ಹಾಕಿದರು.

ಮಣ್ಣು ಮಾಡಿದ ಮಾರನೆಯ ದಿನ ಮರಿಲಿಂಗಯ್ಯನವರ ಮನೆಗೆ ಹೋದೆ. ಅಳದೆ, ಬಿಡದೆ, ಮೊದಲಿನಿಂದ ಎಲ್ಲ ಹೇಳಿದೆ. ತೇಪೆಯ ವಿಷಯ ಕೇಳಿ ಅವರಿಗೆ ಆಶ್ಚರ್ಯವಾಗಲಿಲ್ಲ; ಬಹಳ ದಿನದಿಂದ ಗುಮಾನಿಯಿತ್ತೆಂದು ಕಾಣುತ್ತದೆ.

"ಎಷ್ಟು ಹಾಕಿದೀಯ ಇಂಥವು?" ಎಂದರು.

"ಲೆಕ್ಕ ಇಟ್ಟಿಲ್ಲ ಸ್ವಾಮಿ. ಹದಿನಾಲ್ಕು ವರ್ಷದಿಂದ ಹಾಕ್ತಿದೀನಿ."

ಅವರು ಎದ್ದು ಬೀದಿ ಬಾಗಿಲು ಮುಂದೆ ಮಾಡಿ ಬಂದು ಕೂತರು. "ನೋಡು ಚೆನ್ನಾಜಮ್ಮ, ಈ ಹದಿನಾಲ್ಕು ವರ್ಷದಾಗೆ ಆ ಚಿತ್ರ ನೋಡಿ ಎರಡು ಜೋಡಿ ಗಂಡಹೆಂಡ್ತಿ ಒಬ್ಬರನ್ನೊಬ್ಬರು ಬಿಟ್ಟವ್ರೆ. ನಾಯಕರ ಹುಡುಗ ಕಳ್ಳತನ ಮಾಡ್ದ ಅಂತ ಜೈಲಿಗೆ ಹೋಗಿ ಬಂದವ್ನೆ. ನಮ್ಮಣ್ಣ ಸತ್ತ ದಿನ ನಾನು ಊರಾಗಿದ್ದೆ ಅನ್ನೋದಕ್ಕೂ ಆ ಚಿತ್ರವೇ ಸಾಕ್ಷಿ. ಅವೆಲ್ಲ ತೇಪೆ ಅಂದ್ರೆ ನಾಳೆ ಬೆಳಿಗ್ಗೆ ಈ ಊರಾಗೆ ಯಾರು ಯಾರ ಮಾತು ನಂಬ್ತಾರೆ? ನಿನ್ನ ಪಾಪ ನೀನು ಹೊತ್ಕೋ. ಊರ ತಲೆ ಮೇಲೆ ಹಾಕ್ಬೇಡ." ಎದ್ದು ಹೋಗುವಾಗ ತಿರುಗಿ, "ಆ ರವೆ ಬಿದ್ದಿದ್ದು ಇನ್ನೂ ಇಟ್ಟಿದೀಯಾ? ಅಳಿಸ್ಬಿಡು," ಎಂದರು.

ಅಳಿಸಲಿಲ್ಲ. ಊರು ಹಾಳಾಗಲಿ, ಸುಕನ್ಯಳಿಗಾದರೂ ಹೇಳಲೇಬೇಕು ಎಂದು ನಿಶ್ಚಯ ಮಾಡಿದೆ. ಅವಳ ತಾಯಿ ಹೇಗೆ ಸತ್ತಳು, ಯಾರಿಂದ ಸತ್ತಳು ಎಂದು ಅವಳಿಗೆ ಗೊತ್ತಿರಬೇಕು. ಬೈಯಲಿ, ಕಪಾಳಕ್ಕೆ ಹೊಡೆಯಲಿ, ಇನ್ನು ಮುಖ ತೋರಿಸಬೇಡ ಎನ್ನಲಿ. ನಿಜ ಹೇಳಿದರೆ ನನಗೆ ಅದೇ ಬೇಕಾಗಿತ್ತು. ಯಾರಾದರೂ ಒಬ್ಬರು ನನ್ನನ್ನು ಸರಿಯಾಗಿ ಬೈಯಬೇಕಾಗಿತ್ತು. ಬುಧವಾರದ ಅಸಲು ಚಿತ್ರವನ್ನು, ಏಳನೆಯ ನಿಮಿಷದಿಂದ ಕೊನೆಯವರೆಗೆ ಬರೀ ರವೆ ಇರುವುದನ್ನು, ದೊಡ್ಡದಾಗಿ ಪ್ರಿಂಟು ತೆಗೆದು ಸುರುಳಿ ಸುತ್ತಿ ಚೀಲದಲ್ಲಿಟ್ಟುಕೊಂಡೆ. ಹನ್ನೊಂದನೆಯ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೋದ ಮೇಲೆ ಅವಳ ಮನೆಗೆ ಹೋದೆ. ಗಂಡ ಕೆಲಸಕ್ಕೆ ಹೋಗಿದ್ದ. ಅವಳು ಒಬ್ಬಳೇ ಇದ್ದಳು. ಚಾಪೆ ಹಾಸಿ ಕೂರಿಸಿ ಕಾಫಿ ಕೊಟ್ಟಳು. ನಾನು ಚೀಲಕ್ಕೆ ಕೈ ಹಾಕಿದೆ.

"ದೊಡ್ಡಮ್ಮ, ನೀವೇ ಬಂದಿದ್ದು ಒಳ್ಳೇದಾಯ್ತು," ಎಂದಳು ಸುಕನ್ಯ. "ನಿಮಗೊಂದು ಹೇಳ್ಬೇಕು. ಯಾರ ಹತ್ರಾನೂ ಹೇಳಿಲ್ಲ, ನಮ್ಮನೆಯವರಿಗೂ ಗೊತ್ತಿಲ್ಲ."

"ಏನಮ್ಮ?"

"ಬುಧವಾರ ಬುಧವಾರ ಮಧ್ಯಾಹ್ನ ಅಮ್ಮಂಗೆ ನಾನು ಊಟ ತಗೊಂಡು ಹೋಗ್ತಿದ್ದೆ ಅಲ್ವಾ. ಆವತ್ತೂ ಹೊರಟೆ. ಮುದ್ದೆ, ಅವರೆಕಾಳು ಸಾರು. ಬಿಸಿಲು ಅಂದ್ರೆ ಬಿಸಿಲು. ಪುರಸಭೆ ಹತ್ರ ಬಂದು ಹಲಗೆ ನೋಡಿದೆ. ಅಮ್ಮನ ಚುಕ್ಕಿ ಗಿರಣೀಲೇ ಇತ್ತು, ಯಾವಾಗ್ಲೂ ಕೂರೋ ಜಾಗದಲ್ಲೇ. ಚೆನ್ನಾಗಿದಾಳಲ್ಲ, ಸಾಯಂಕಾಲ ಹೋದ್ರಾಯ್ತು ಅಂತ ಅಲ್ಲಿಂದ್ಲೇ ವಾಪಸ್ ಬಂದ್ಬಿಟ್ಟೆ. ಸಾಯಂಕಾಲಾನೂ ಹೋಗ್ಲಿಲ್ಲ. ಆ ಸಾರು ನಾನೇ ಉಂಡೆ ದೊಡ್ಡಮ್ಮ. ಉಂಡು ಮಲಗಿದೆ."

ಅವಳು ಅಳುತ್ತಿರಲಿಲ್ಲ. ಅತ್ತು ಅತ್ತು ಮುಗಿದ ಕಣ್ಣು. ನನ್ನ ಎರಡೂ ಕೈ ಹಿಡಿದುಕೊಂಡಳು.

"ಡಾಕ್ಟ್ರು ಏನೋ ಅಂದ್ರಂತೆ, ಮಧ್ಯಾಹ್ನ ಪೂರ್ತಿ ಬಿದ್ದಿದ್ಲು ಅಂತ, ತೆವಳ್ತಿದ್ಲು ಅಂತ. ನನಗೆ ಊಟ ಸೇರ್ತಿಲ್ಲ. ಕಣ್ಣು ಮುಚ್ಚಿದ್ರೆ ಅದೇ. ಆಮೇಲೆ ಸಿದ್ದಪ್ಪ ಹೇಳ್ದ, ಆ ಹೊತ್ತಿಗೆ ಗಿರಣಿ ಓಡಿದ್ರೆ ಚಿತ್ರದಲ್ಲಿ ರವೆ ಬಿದ್ದೇ ಬೀಳುತ್ತೆ, ಬಿದ್ದಿಲ್ಲ ಅಂದ್ರೆ ಆಗ ಏನೂ ಆಗಿಲ್ಲ ಅಂತ. ಹೌದಾ ದೊಡ್ಡಮ್ಮ? ನಿಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರುತ್ತೆ. ನೀವು ಹೇಳಿದ್ರೆ ನಂಬ್ತೀನಿ."

ಚೀಲದೊಳಗಿನ ಸುರುಳಿ ನನ್ನ ಮೊಣಕಾಲಿಗೆ ತಾಗುತ್ತಿತ್ತು. ಅದನ್ನು ತೆಗೆದು ಹಾಸಿದರೆ ಮುಗಿಯಿತು, ನನ್ನ ಎದೆಯ ಮೇಲಿನ ಕಲ್ಲು ಇಳಿಯುತ್ತಿತ್ತು. ಇಳಿದು ಅವಳ ಎದೆಯ ಮೇಲೆ ಕೂರುತ್ತಿತ್ತು. ಅವಳಿಗೆ ಇಪ್ಪತ್ತಮೂರು ವರ್ಷ. ಇನ್ನು ಐವತ್ತು ವರ್ಷ ಆ ಸಾರನ್ನು ಉಣ್ಣುತ್ತಲೇ ಇರಬೇಕಾಗುತ್ತಿತ್ತು. ತಪ್ಪು ಒಪ್ಪಿಕೊಳ್ಳುವುದಕ್ಕೂ ಪುಣ್ಯ ಮಾಡಿರಬೇಕೆಂದು ನನಗೆ ಆಗ ತಿಳಿಯಿತು.

"ಹೌದು ಕಣಮ್ಮ," ಎಂದೆ. "ಗಿರಣಿ ಓಡಿದ್ರೆ ರವೆ ಬೀಳ್ಲೇಬೇಕು."

"ಬಿದ್ದಿರ್ಲಿಲ್ಲ ಅಲ್ವಾ?"

"ಇಲ್ಲ."

ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಅದು ಹಗುರವಾದವರ ಅಳು, ಕೇಳಿದರೇ ಗೊತ್ತಾಗುತ್ತದೆ. ಸ್ವಲ್ಪ ಹೊತ್ತಿಗೆ ಎದ್ದು ಮುಖ ತೊಳೆದುಕೊಂಡು ಬಂದು, ಚೀಲದಲ್ಲಿ ಏನು ತಂದಿದ್ದೀರಿ ಎಂದು ಕೇಳಿದಳು. ನಿಮ್ಮಮ್ಮನ ಕೊನೆಯ ಚಿತ್ರ ತಂದಿದ್ದೆ, ಪ್ರಿಂಟು ಚೆನ್ನಾಗಿ ಬಂದಿಲ್ಲ, ಬೇರೆ ತೆಗೆದು ತರುತ್ತೇನೆ ಎಂದೆ. ಮನೆಗೆ ಬಂದು ಸುರುಳಿಯನ್ನು ಒಲೆಗೆ ಹಾಕಿದೆ. ಕಂಪ್ಯೂಟರಿನಲ್ಲಿದ್ದದ್ದನ್ನೂ ಅಳಿಸಿದೆ. ತೇಪೆ ಹಾಕಿದ ಚಿತ್ರವನ್ನು ಅವಳಿಗೆ ಕೊಟ್ಟೆ. ಅವಳು ಕಟ್ಟು ಹಾಕಿಸಿದ್ದಾಳೆ. ಮಂಗಳವಾರ ಬದುಕಿದ್ದ ಆ ಚುಕ್ಕಿಗೆ ದಿನಾ ಕುಂಕುಮವಿಡುತ್ತಾಳೆ.

ಹೊಂಬಾಳೆ ಹೋದದ್ದು ಬುಧವಾರ ನವಮಿ. ಪುರಸಭೆಯವರು ಬರೆದುಕೊಂಡದ್ದು ಗುರುವಾರ ದಶಮಿ. ವರ್ಷ ವರ್ಷವೂ ಸುಕನ್ಯ ದಶಮಿಯ ದಿನ ತಾಯಿಗೆ ಎಡೆ ಇಡುತ್ತಾಳೆ. ತುದಿ ಬಾಳೆಲೆ ಹಾಸಿ, ಹೊಂಬಾಳೆಗೆ ಇಷ್ಟವೆಂದು ಕಾಯಿ ಕಡುಬು ಮಾಡಿ, ಸೀರೆ ಇಟ್ಟು, ದೀಪ ಹಚ್ಚಿ, ಬಾಗಿಲು ಮುಂದೆ ಮಾಡಿ ಅರ್ಧ ಗಂಟೆ ಎಲ್ಲರನ್ನೂ ಹೊರಗೆ ನಿಲ್ಲಿಸುತ್ತಾಳೆ, ಅಮ್ಮ ಬಂದು ಉಂಡು ಹೋಗಲಿ ಎಂದು. ಆಮೇಲೆ ತಾಯಿಯ ಜಾಗದಲ್ಲಿರುವವಳು ನೀವೇ ಎಂದು ಆ ಎಲೆಯ ಮುಂದೆ ನನ್ನನ್ನೇ ಮೊದಲು ಕೂರಿಸುತ್ತಾಳೆ. ಹಿಂದಿನ ದಿನ, ನವಮಿಯಂದು, ನನ್ನ ಮನೆಯಲ್ಲಿ ನಾನಾದರೂ ಒಂದು ಎಲೆ ಹಾಸಬಹುದಾಗಿತ್ತು. ಯಾರಿಗೆ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ ಎಂಬ ಹೆದರಿಕೆಗೆ ಹಾಸಿಲ್ಲ. ನನ್ನ ತಂಗಿ ತನ್ನ ದಿನಕ್ಕೆ ಸರಿಯಾಗಿ ಬಂದು, ಮಗಳ ಮನೆಯಲ್ಲಿ ಎಲೆಯಿಲ್ಲ, ಅಕ್ಕನ ಮನೆಯಲ್ಲೂ ಎಲೆಯಿಲ್ಲ ಎಂದು ಹಸಿದು ಹಿಂದಿರುಗುತ್ತಾಳೆ. ಮಾರನೆಯ ದಿನ ಅವಳ ಎಡೆಯ ಕಡುಬನ್ನು ನಾನು ಉಣ್ಣುತ್ತೇನೆ.